ಹಳದಿ ಬಾವುಟದ ಶನಿವಾರ

ತಮ್ಮ ತೀರಿಕೊಂಡ ಸುದ್ದಿ ಬಂದದ್ದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ. ಗಾಳಿ ಮೇಷ್ಟರು ಆಗ ದೋಣಿಕಟ್ಟೆಯ ತುದಿಯಲ್ಲಿ ಮಂಡಿಯೂರಿ, ಹಗ್ಗಕ್ಕೆ ಕಟ್ಟಿದ ಥರ್ಮಾಮೀಟರನ್ನು ನೀರಿನಿಂದ ಮೇಲೆ ಎಳೆಯುತ್ತಿದ್ದರು. ಬೆನ್ನ ಹಿಂದೆ ಹಲಗೆಗಳ ಮೇಲೆ ಓಡಿ ಬರುವ ಸಪ್ಪಳ ಕೇಳಿತು. "ಮೇಷ್ಟ್ರೇ, ಏಳಿ. ನಿಮ್ಮ ತಮ್ಮನ ದೋಣಿ ಆಚೆ ದಡದ ಜೊಂಡಿನಲ್ಲಿ ಮಗುಚಿ ಬಿದ್ದಿದೆಯಂತೆ." ದೋಣಿ ರಿಪೇರಿಯವನ ದನಿ. ಮೇಷ್ಟರು ಏಳಲಿಲ್ಲ. ಕೈಯಲ್ಲಿದ್ದ ಪಾದರಸ ಹದಿನಾಲ್ಕರ ಗೆರೆಯ ಮೇಲಿತ್ತು. ಗಾಳಿಗೆ ಒಡ್ಡಿದರೆ ಅರೆಗಳಿಗೆಯಲ್ಲಿ ಇಳಿದುಹೋಗುವಂಥದು. ಅವರು ಅದನ್ನು ಓದಿದರು. ಜೇಬಿನಿಂದ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಹದಿನಾಲ್ಕು ಎಂದು ಬರೆದರು. ಪಕ್ಕದಲ್ಲಿ ಹೊತ್ತು ಬರೆದರು. ಆಮೇಲೆ ತಿರುಗಿ, "ಅವನು?" ಎಂದು ಕೇಳಿದರು. ರಿಪೇರಿಯವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಅವನೂ ಅಲ್ಲೇ ಸಿಕ್ಕಿದ ಮೇಷ್ಟ್ರೇ" ಎಂದ.

ಆ ಎರಡು ಅಂಕಿ ಬರೆಯಲು ಎಷ್ಟು ಹೊತ್ತು ಹಿಡಿದಿರಬಹುದು ಎಂದು ಮೇಷ್ಟರು ಆ ವಾರವೆಲ್ಲ ಯೋಚಿಸಿದರು. ನಾಲ್ಕು ಉಸಿರು, ಹೆಚ್ಚೆಂದರೆ ಐದು. ಒಡಹುಟ್ಟಿದವನ ದೋಣಿ ಮಗುಚಿದೆ ಎಂದು ಕೇಳಿದವನು ಆ ಐದು ಉಸಿರಿನಲ್ಲಿ ನೀರಿನ ಶಾಖ ಬರೆದುಕೊಂಡ. ಮೂವತ್ತೊಂದು ವರ್ಷದ ಅಭ್ಯಾಸ ಎಂದು ಒಮ್ಮೆ ಸಮಾಧಾನ ಹೇಳಿಕೊಂಡರು. ಇಲ್ಲ, ಕೇಳಬೇಕಾದ ಪ್ರಶ್ನೆಗೆ ಹೆದರಿದೆ ಎಂದು ಇನ್ನೊಮ್ಮೆ ಹೇಳಿಕೊಂಡರು. ಎರಡನೆಯದೇ ನಿಜವಿರಬೇಕು, ಏಕೆಂದರೆ ರಿಪೇರಿಯವ ಬಾಯಿ ತೆರೆಯುವ ಮೊದಲೇ, ಅವನ ಕಾಲ ಸಪ್ಪಳಕ್ಕೇ, ತಮ್ಮನ ನೆನಪಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಇನ್ನೂ ಕೂಗಿರಲಿಲ್ಲ.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸರೋವರದ ದಡದಲ್ಲಿ ಒಂದು ಹವಾಮಾನದ ಕೊಠಡಿ, ಅಂಗಳದ ಕಂಬದ ಮೇಲೆ ಗಾಳಿಗೆ ತಿರುಗುವ ಮೂರು ಬಟ್ಟಲು, ಒಂದು ಫೋನು, ಕಟ್ಟೆಯ ಬಾಯಲ್ಲಿ ಒಂದು ಕಪ್ಪು ಹಲಗೆ; ಇಷ್ಟು ಅವರ ಕೆಲಸ. ದೋಣಿಯವರಿಗೆ ಬೆರಳೆತ್ತಿ ಗಾಳಿಯ ಗುಣ ಹೇಳುವ ರೂಢಿಯಿಂದ ಮೇಷ್ಟ್ರು ಎಂಬ ಹೆಸರು ಬಂತು. ಗಾಳಿ ಅದಕ್ಕೆ ತಾನಾಗಿ ಅಂಟಿಕೊಂಡಿತು. ಶುಕ್ರವಾರ ಸಂಜೆ ನಾಲ್ಕಕ್ಕೆ ಪಟ್ಟಣದ ಕಚೇರಿಯವರು ಶನಿವಾರ ಭಾನುವಾರದ ಗಾಳಿಯ ಅಂದಾಜನ್ನು ಫೋನಿನಲ್ಲಿ ಹೇಳುವರು. ಮೇಷ್ಟರು ಅದನ್ನು ಹಲಗೆಯ ಮೇಲೆ ಬರೆದು ಬಾವುಟ ಏರಿಸಬೇಕು. ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಒಳಗಿದ್ದರೆ ಬಿಳಿ. ಮೂವತ್ತೈದರವರೆಗೆ ಹಳದಿ, ಚಿಕ್ಕ ದೋಣಿಯವರು ಲೈಫ್ ಜಾಕೆಟ್ ಕಟ್ಟಿಕೊಂಡು ಎಚ್ಚರದಿಂದ ಹೋಗಬಹುದು. ಅದರ ಮೇಲೆ ಕೆಂಪು, ಕಟ್ಟಿದ ಹಗ್ಗ ಬಿಚ್ಚಬಾರದು. ಬಾವುಟ ಯಾರ ಕೈಯನ್ನೂ ಹಿಡಿಯುವುದಿಲ್ಲ, ಹೇಳುತ್ತದೆ, ಅಷ್ಟೆ.

ಆದರೆ ಕಚೇರಿಯವರ ಅಂಕಿ ನೆಲದ ಗಾಳಿಯದು. ಮೇಷ್ಟರಿಗಿಂತ ಮೊದಲು ಆ ಕೊಠಡಿಯಲ್ಲಿದ್ದ ಮುದುಕ, ಕೆಲಸ ಬಿಟ್ಟುಹೋಗುವ ದಿನ, ಬೀಗದ ಕೈಯ ಜೊತೆಗೆ ಒಂದು ಮಾತನ್ನೂ ಕೊಟ್ಟು ಹೋಗಿದ್ದ. "ಎಲೆ ಉದುರೋ ಕಾಲದಲ್ಲಿ ಮಾತ್ರ ಕಚೇರಿ ಹೇಳಿದ್ದಕ್ಕೆ ಅದರ ಅರ್ಧ ಕೂಡಿಸು ಮಗಾ. ನೆಲ ಬೇಸಿಗೇನ ಬೇಗ ಮರೆಯುತ್ತೆ, ನೀರು ಮರೆಯೋಲ್ಲ. ಬೆಚ್ಚಗಿರೋ ನೀರಿನ ಮೇಲೆ ತಣ್ಣನೆ ಗಾಳಿ ಬಂದರೆ, ಮೇಲೆ ಓಡ್ತಿರೋ ಬಿರುಗಾಳಿ ಕೆಳಗಿಳಿದು ಬರುತ್ತೆ." ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ಕಚೇರಿಯವರಿಗೆ ತಿಳಿದೂ ಇರಲಿಲ್ಲ. ಮೂವತ್ತು ಶರತ್ಕಾಲ ಮೇಷ್ಟರು ಮನಸ್ಸಿನಲ್ಲೇ ಕೂಡಿಸಿ ಹಲಗೆಯ ಮೇಲೆ ಮೊತ್ತವನ್ನು ಮಾತ್ರ ಬರೆದರು. ಕೆಲವು ಸಲ ಮುದುಕನ ಮಾತು ಹುಸಿಯಾಗುವುದೂ ಉಂಟು. ಗಾಳಿ ಗುಡ್ಡದ ಆಚೆಯೇ ಹರಿದುಹೋಗಿ ಸರೋವರ ಕನ್ನಡಿಯ ಹಾಗೆ ಬಿದ್ದಿರುತ್ತದೆ. ಈ ವರ್ಷ ಹಾಗೆ ಎರಡು ಶನಿವಾರ ಸಾಲಾಗಿ ಆಯಿತು. ಕೆಂಪು ಬಾವುಟ ಕಂಬಕ್ಕೆ ಜೋತು ಬಿದ್ದಿತ್ತು. ಅದನ್ನು ಅಲ್ಲಾಡಿಸುವಷ್ಟೂ ಗಾಳಿ ಇರಲಿಲ್ಲ. ಉದುರಿದ ಎಲೆ ನೀರಿನ ಮೇಲೆ ಬಿದ್ದಲ್ಲೇ ನಿಂತಿತ್ತು. ದೋಣಿಯಲ್ಲಿ ಕೂರಲೆಂದು ಮಕ್ಕಳುಮರಿ ಕಟ್ಟಿಕೊಂಡು ಬಂದವರೆಲ್ಲ ಹಲಗೆ ಓದಿ, ನೀರು ನೋಡಿ, ಮೇಷ್ಟರ ಮುಖ ನೋಡಿ ಹೊರಟುಹೋದರು.

ಆ ಎರಡನೆಯ ಶನಿವಾರ ಕಟ್ಟೆಯ ಚಹಾದ ಅಂಗಡಿಯಲ್ಲಿ ಏಳೆಂಟು ದೋಣಿಯವರು ಕೈಕಟ್ಟಿ ಕೂತಿದ್ದರು. ತಮ್ಮನೂ ಇದ್ದ. ತಮ್ಮ ಬಡಗಿ, ವಾರವಿಡೀ ಈಚೆ ದಡದಲ್ಲಿ ಕಿಟಕಿ ಬಾಗಿಲು ಮಾಡುತ್ತಿದ್ದ, ಶನಿವಾರ ಮಧ್ಯಾಹ್ನ ತನ್ನ ಚಿಕ್ಕ ದೋಣಿಯಲ್ಲಿ ಸರೋವರ ದಾಟಿ, ಆಚೆ ದಡದ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಉಳಿದು, ಅವಳ ಮನೆಯ ಸಣ್ಣಪುಟ್ಟ ರಿಪೇರಿ ಮುಗಿಸಿ ಭಾನುವಾರ ಬರುತ್ತಿದ್ದ. ಮೇಷ್ಟರು ಚಹಾಕ್ಕೆ ಒಳಗೆ ಬಂದಾಗ ಯಾರೋ, "ಏನ್ ಮೇಷ್ಟ್ರೇ, ಬಿರುಗಾಳಿ ದಾರಿ ತಪ್ಪಿತಾ?" ಎಂದರು. ಮೇಷ್ಟರು ಉತ್ತರ ಹುಡುಕುವಷ್ಟರಲ್ಲಿ ತಮ್ಮ, ಲೋಟ ಕೆಳಗಿಡದೆಯೇ, "ನಮ್ಮಣ್ಣನ್ನ ಏನೂ ಅನ್ನಬೇಡಿ. ಪಕ್ಕದ ಮನೇಲಿ ಯಾರಾದರೂ ಸೀನಿದರೂ ಅವನು ಬಾವುಟ ಏರಿಸ್ತಾನೆ. ಬಚ್ಚಲಮನೆ ಬಕೆಟ್ಟಿಗೂ ಒಂದು ಕಟ್ಟಿಕೊಂಡಿದಾನೆ, ಕೆಂಪಿದ್ದ ದಿನ ಸ್ನಾನ ಇಲ್ಲ" ಎಂದ. ಅಂಗಡಿ ಬಿದ್ದು ಬಿದ್ದು ನಕ್ಕಿತು. ಚಹಾ ಸೋಸುತ್ತಿದ್ದವನೂ ನಕ್ಕ. ಮೇಷ್ಟರೂ ನಕ್ಕರು. ಆ ನಗೆ ಮುಖದ ಮೇಲೆ ಹಾಗೇ ಒಣಗಿ, ಮನೆಗೆ ಹೋಗಿ ತೊಳೆದುಕೊಂಡರೂ ಹೋಗದಂತೆ ಅಂಟಿಕೊಂಡಿತು. ಒಂಬತ್ತು ವರ್ಷ ಚಿಕ್ಕವನು. ಎದೆಮಟ್ಟದ ನೀರಿನಲ್ಲಿ ನಿಂತು, ಅವನ ಬೆನ್ನ ಕೆಳಗೆ ಅಂಗೈಯಿಟ್ಟು ಈಜು ಕಲಿಸಿದವರು ಅವರೇ. "ಅಣ್ಣಾ, ಕೈ ತೆಗೆದೆಯಾ?" ಎಂದು ಅವನು ಆಕಾಶ ನೋಡುತ್ತಾ ಕೇಳಿದ್ದ. "ಇಲ್ಲ" ಎಂದಿದ್ದರು, ಕೈ ತೆಗೆದಾಗಿತ್ತು. ಅವನು ನಂಬಿ ತೇಲಿದ.

ಆರು ದಿನ ಆ ಬಕೆಟ್ಟಿನ ಮಾತು ಅವರ ಜೊತೆಗೇ ಉಂಡಿತು, ಮಲಗಿತು, ಎದ್ದಿತು. ಶುಕ್ರವಾರ ನಾಲ್ಕಕ್ಕೆ ಫೋನು ಬಂತು. ಶನಿವಾರ ಬೆಳಿಗ್ಗೆ ಮಂಜು, ಗಾಳಿಯಿಲ್ಲ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಇಪ್ಪತ್ತನಾಲ್ಕು. ಮೇಷ್ಟರು ಸುಣ್ಣದ ಕಡ್ಡಿ ಹಿಡಿದು ಹಲಗೆಯ ಮುಂದೆ ನಿಂತರು. ಇಪ್ಪತ್ತನಾಲ್ಕರ ಅರ್ಧ ಹನ್ನೆರಡು, ಕೂಡಿಸಿದರೆ ಮೂವತ್ತಾರು, ಕೆಂಪು. ಒಂದೇ ಒಂದು ಕಿಲೋಮೀಟರಿಗೆ ಕೆಂಪು. ಮೂರನೆಯ ಶನಿವಾರವೂ ಕೆಂಪು. ಅವರಿಗೆ ಅಂಗಡಿಯ ನಗೆ ಕೇಳಿಸಿತು. ಕೈ ಇಪ್ಪತ್ತನಾಲ್ಕು ಎಂದು ಬರೆಯಿತು. ದುಂಡಗೆ, ಚೆಂದವಾಗಿ ಬರೆಯಿತು. ಹಳದಿ ಬಾವುಟದ ಹಗ್ಗ ಎಳೆಯುವಾಗ ಮನಸ್ಸಿನಲ್ಲಿ ಒಂದು ಮಾತು ಹಾದುಹೋಯಿತು. ಅದು ಬೆಕ್ಕಿನ ಹಾಗೆ ಸದ್ದಿಲ್ಲದೆ ಹಾದುಹೋಯಿತು. ಅವರು ಅದನ್ನು ಕರೆಯಲಿಲ್ಲ, ಆದರೆ ಓಡಿಸಲೂ ಇಲ್ಲ.

ಶನಿವಾರ ಹನ್ನೆರಡೂವರೆಗೆ ತಮ್ಮನ ದೋಣಿ ಹೊರಟಿತು. ಕಿಟಕಿಯಲ್ಲಿ ನಿಂತಿದ್ದ ಮೇಷ್ಟರಿಗೆ ಅವನು ದೋಣಿಯಿಂದ ಕೈಯೆತ್ತಿದ. ಮೇಷ್ಟರು ಎತ್ತಲಿಲ್ಲ, ಕಾಣದವರ ಹಾಗೆ ಕಾಗದ ನೋಡಿದರು. ಎರಡಕ್ಕೆ ವಾಯವ್ಯದ ಕಡೆ ನೀರಿನ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಅದು ಬರುತ್ತಾ ಬರುತ್ತಾ ಅಗಲವಾಯಿತು, ಅದರೊಳಗೆ ಬಿಳಿಯ ಹಲ್ಲುಗಳು ಕಂಡವು. ಅಂಗಳದ ಬಟ್ಟಲುಗಳು ಇಪ್ಪತ್ತೈದು ತೋರಿಸುತ್ತಿದ್ದವು, ಕಚೇರಿ ಹೇಳಿದ್ದಕ್ಕಿಂತ ಒಂದು ಹೆಚ್ಚು. ನಡುನೀರಿನಲ್ಲಿ ಎಷ್ಟಿದೆ ಎಂದು ಅವರಿಗೆ ಗೊತ್ತಿತ್ತು. ಈ ಹೊತ್ತಿಗೆ ಅವನು ದಾಟಿರುತ್ತಾನೆ ಎಂದುಕೊಂಡರು. ಮೂರಕ್ಕೆ ಮತ್ತೆ ಹಾಗೇ ಎಂದುಕೊಂಡರು. ಅಕ್ಕನ ಮನೆಯಲ್ಲಿ ಫೋನು ಇರಲಿಲ್ಲ. ಅವನು ತಲುಪಲಿಲ್ಲ ಎಂದು ಅಕ್ಕ ಗಾಬರಿಪಡಲೂ ಇಲ್ಲ. ಹಿಂದಿನ ಎರಡು ಶನಿವಾರವೂ ಅವನು ಬಂದಿರಲಿಲ್ಲವಲ್ಲ, ಇದೂ ಹಾಗೇ ಎಂದು ಬಾಗಿಲು ಹಾಕಿಕೊಂಡಳು.

ಭಾನುವಾರ ಮಧ್ಯಾಹ್ನ ಅವನನ್ನು ಮನೆಗೆ ತಂದು ಮುಂದಿನ ಕೋಣೆಯಲ್ಲಿ ಮಲಗಿಸಿದಾಗ ಜಾಕೆಟ್ಟು ಇನ್ನೂ ಮೈಮೇಲಿತ್ತು. ಮೂರು ಪಟ್ಟಿಗಳೂ ಕಟ್ಟಿದ್ದವು, ಒಂದೊಂದೂ ಎರಡೆರಡು ಗಂಟು. ಮುಳುಗಿದ್ದಲ್ಲ, ಚಳಿಗೆ ಹೋದದ್ದು ಎಂದು ಡಾಕ್ಟರು ಹೇಳಿದರು. ದೋಣಿ ಮಗುಚಿದ ಮೇಲೆ ಮೂರು ಗಂಟೆಯಾದರೂ ತೇಲುತ್ತಿದ್ದಿರಬೇಕು. ಆ ಗಂಟುಗಳನ್ನು ಬಿಚ್ಚಿದವರು ಮೇಷ್ಟರು. ಒದ್ದೆಯಾಗಿ ಬಿಗಿದಿದ್ದರಿಂದ ಉಗುರು ಮುರಿಯಿತು. ಸುತ್ತ ನಿಂತವರ ಪಿಸುಮಾತು ಅವರ ಬೆನ್ನಿಗೆ ತಾಗುತ್ತಿತ್ತು. "ಹಳದಿ ಅಂದರೆ ಎಚ್ಚರ ಅಂತ ಅರ್ಥ. ಇವನಿಗೆ ಎಚ್ಚರ ಎಲ್ಲಿತ್ತು, ಬರೀ ತಮಾಷೆ." "ಮನೇಲೇ ಹವಾಮಾನದವರಿದ್ದೂ ಕೇಳಲಿಲ್ಲ ನೋಡು." "ಮೇಷ್ಟ್ರು ಎಷ್ಟು ಹೇಳಿದ್ದರೋ ಪಾಪ." ಮೇಷ್ಟರು ಮುಂದಿನ ಗಂಟಿಗೆ ಉಗುರು ಹಾಕಿದರು. ತಮ್ಮನ ಇಪ್ಪತ್ತರ ಹರೆಯದ ಮಗಳು ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಒಣಗಿತ್ತು. "ದೊಡ್ಡಪ್ಪನ ಮಾತು ಕೇಳಿದ್ದರೆ ಬದುಕಿರ್ತಿದ್ದರು" ಎಂದು ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಎಲ್ಲದರಲ್ಲೂ ಹುಡುಗಾಟ. ನಮ್ಮ ಬಗ್ಗೆ ಯೋಚನೆಯೇ ಇರಲಿಲ್ಲ ಅವರಿಗೆ." ತಮ್ಮನ ಹೆಂಡತಿ ಮಗಳನ್ನು ನೋಡಿದಳು. ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು. ಮೇಷ್ಟರು ತಲೆಯೆತ್ತದೆ ಮೂರನೆಯ ಗಂಟು ಬಿಚ್ಚುತ್ತಿದ್ದರು. ಆಗ ಹೇಳಬಹುದಿತ್ತು. ಬಾಯಿಯಲ್ಲಿ ನಾಲಿಗೆ ಇತ್ತು.

ಸೋಮವಾರ ಮಣ್ಣಾಯಿತು. ಮಂಗಳವಾರ ಪಟ್ಟಣದ ಕಚೇರಿಯಿಂದ ಮೇಲಧಿಕಾರಿ ಬಂದರು. ಸಾವಾದರೆ ಬಂದು ನೋಡಿ ಬರೆದುಕೊಂಡು ಹೋಗುವುದು ನಿಯಮ. ಒಳ್ಳೆಯ ಮನುಷ್ಯ, ಮೇಷ್ಟರಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೂರಿ ಕೂರಿ ಎಂದು ತಾವೇ ಕುರ್ಚಿ ಎಳೆದುಕೊಟ್ಟರು. ಪುಸ್ತಕ ತಿರುವಿ, "ನಾವು ಹೇಳಿದ್ದು ಇಪ್ಪತ್ತನಾಲ್ಕು. ನೀವು ಬರೆದದ್ದು ಇಪ್ಪತ್ತನಾಲ್ಕು. ಬೀಸಿದ್ದು ಇಪ್ಪತ್ತೈದು. ಇದಕ್ಕಿಂತ ಸರಿಯಾಗಿ ಯಾರು ಬರೀತಾರೆ ಹೇಳಿ? ನಿಮ್ಮ ಕಡೆಯಿಂದ ಕೂದಲೆಳೆಯಷ್ಟೂ ತಪ್ಪಿಲ್ಲ" ಎಂದರು. ಮೇಷ್ಟರು, "ನೀರಿನ ಮೇಲೆ ಹೆಚ್ಚು ಇರುತ್ತೆ ಸಾರ್" ಎಂದರು. ದನಿ ತಮ್ಮದಲ್ಲ ಎನಿಸಿತು. "ಇರಬಹುದು. ಆದರೆ ಅದನ್ನ ಅಳೆಯೋಕೆ ಅಲ್ಲಿ ಯಂತ್ರ ಇಲ್ಲವಲ್ಲ. ಅಳೆಯದ್ದಕ್ಕೆ ನೀವು ಹೊಣೆ ಹೇಗಾಗ್ತೀರಿ?" ಅಧಿಕಾರಿ ಹಳೆಯ ಪುಟಗಳ ಕಡೆ ಕೈ ಹಾಕಿದರೆ ಸಾಕಿತ್ತು. ಹಿಂದಿನ ಎರಡು ವಾರ ಕಚೇರಿ ಹೇಳಿದ್ದು ಇಪ್ಪತ್ತಾರು, ಇಪ್ಪತ್ತೆಂಟು. ಹಲಗೆಯ ಮೇಲೆ ಬರೆದದ್ದು ಮೂವತ್ತೊಂಬತ್ತು, ನಲವತ್ತೆರಡು. ಮೇಷ್ಟರು ಆ ಕೈಯನ್ನೇ ನೋಡುತ್ತಾ ಕೂತರು. ಅದು ಪುಸ್ತಕ ಮುಚ್ಚಿ, ಅವರ ಭುಜ ತಟ್ಟಿತು. "ಒಂದು ವಾರ ರಜ ತಗೊಳ್ಳಿ." ಬಾಗಿಲವರೆಗೆ ಹೋಗಿ ಕಳಿಸಿ ಬಂದ ಮೇಲೆ ಮೇಷ್ಟರಿಗೆ ಒಂದು ಕ್ಷಣ ಹಗುರವಾಯಿತು. ಲೋಕದಲ್ಲಿ ತಮ್ಮೊಬ್ಬರ ಹೊರತು ಆ ಹನ್ನೆರಡನ್ನು ಬಲ್ಲವರು ಯಾರೂ ಇಲ್ಲ. ಮುದುಕ ಸತ್ತು ಹದಿನೈದು ವರ್ಷವಾಗಿತ್ತು. ಆ ಹಗುರವನ್ನು ನೆನೆದು ಅವರಿಗೆ ಮರುಕ್ಷಣವೇ ಹೇಸಿಗೆಯಾಯಿತು. ಹೇಗಿದ್ದರೂ ತಮ್ಮ ಕೇಳುವವನಲ್ಲ, ಕೆಂಪಿದ್ದರೂ ಹೋಗುತ್ತಿದ್ದ. ಅಂಗಡಿಯಲ್ಲಿ ಅವನು ಆಡಿದ ಮಾತೇ ಇದಕ್ಕೆ ಸಾಕ್ಷಿ. ಹೀಗೆಂದು ಆ ರಾತ್ರಿ ಸ್ವಲ್ಪ ನಿದ್ದೆಯೂ ಬಂತು.

ಬುಧವಾರ ಮಧ್ಯಾಹ್ನ ದೋಣಿ ರಿಪೇರಿಯವನ ಶೆಡ್ಡಿಗೆ ಹೋದರು. ತಮ್ಮನ ದೋಣಿಯನ್ನು ಎಳೆದು ತಂದು ಅಲ್ಲಿ ಮಗುಚಿ ಹಾಕಿದ್ದರು. ಹೊಟ್ಟೆ ಮೇಲಾದ ದೋಣಿ ನೋಡಲು ಏನೋ ಅಸಭ್ಯವಾಗಿತ್ತು. ರಿಪೇರಿಯವ ಅದರ ಎಂಜಿನನ್ನು ಬಿಚ್ಚಿ, ಕಲಾಯಿಯ ತಟ್ಟೆಯೊಂದರಲ್ಲಿ ತಿರುಪುಗಳನ್ನು ಹಾಕಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಮಾತಿಗೆ ಏನಾದರೂ ಬೇಕಲ್ಲ ಎಂದು ಮೇಷ್ಟರು, "ಎಂಜಿನ್ನೇ ಕೈ ಕೊಟ್ಟಿರಬೇಕು. ಹೋದ ಎರಡು ವಾರವೂ ಕೆಟ್ಟಿತ್ತಂತಲ್ಲ" ಎಂದರು. ಅಕ್ಕನ ಮನೆಗೆ ಹೋಗದ್ದಕ್ಕೆ ತಮ್ಮ ಎಲ್ಲರಿಗೂ ಕೊಟ್ಟಿದ್ದ ಕಾರಣ ಅದೇ.

ರಿಪೇರಿಯವ ತಲೆಯೆತ್ತಿ ನೋಡಿದ. ಸಣ್ಣಗೆ ನಕ್ಕ, ಸಾವಿನ ಮನೆಯವರ ಮುಂದೆ ನಗಬಾರದೆಂದು ತಡೆದುಕೊಂಡ ನಗೆ. "ಕೆಡೋದಾ? ಗಡಿಯಾರ ಇದ್ದ ಹಾಗಿತ್ತು ಮೇಷ್ಟ್ರೇ. ನಿಮಗೆ ಗೊತ್ತಿಲ್ವಾ? ನಿಮ್ಮ ತಮ್ಮನ ಎಂಜಿನ್ನು ಕೆಂಪು ಬಾವುಟದ ದಿನ ಮಾತ್ರ ಕೆಡೋದು. ಶುಕ್ರವಾರ ಹಲಗೆ ನೋಡಿಕೊಂಡು ಸೀದಾ ಇಲ್ಲಿಗೆ ತರೋನು. ನಾಳೆ ಕಳೆಯೋ ತನಕ ಬಿಚ್ಚಿಟ್ಟಿರಪ್ಪ ಅನ್ನೋನು. ಏನಾಗಿದೆಯೋ ಅಂದರೆ, ಏನೂ ಆಗಿಲ್ಲ, ನಮ್ಮಣ್ಣನಿಗೆ ಹೆದರಿ ಹೋಗಲಿಲ್ಲ ಅಂತ ಈ ನನ್ಮಕ್ಕಳು ಆಡಿಕೊಳ್ಳಬಾರದಲ್ಲ, ಅದಕ್ಕೆ ಅನ್ನೋನು. ಹತ್ತು ವರ್ಷದಿಂದ ಹಿಂಗೇ. ನಾನೂ ಸುಮ್ಮನೆ ಒರೆಸಿ ಕೊಡ್ತಿದ್ದೆ." ಅವನು ಒಂದು ತಿರುಪನ್ನು ಬೆಳಕಿಗೆ ಹಿಡಿದು ನೋಡಿ ತಟ್ಟೆಗೆ ಹಾಕಿದ. "ಈ ಸಲ ಹಳದಿ ಇತ್ತು. ಜಾಕೆಟ್ಟನ್ನ ಇಲ್ಲೇ ನಿಂತು ಕಟ್ಟಿಕೊಂಡ."

ಮೇಷ್ಟರು ಏನೋ ಹೇಳಿ ಹೊರಗೆ ಬಂದರು. ಶೆಡ್ಡಿನಿಂದ ಕೊಠಡಿಗೆ ಇನ್ನೂರು ಹೆಜ್ಜೆ; ಆ ದಿನ ಅದು ಮುಗಿಯಲಿಲ್ಲ. ಮೂರು ದಿನದಿಂದ ಅವರು ಆತುಕೊಂಡಿದ್ದ ಒಂದೇ ಗೋಡೆ ಅದು, ಅವನು ಕೇಳುವವನಲ್ಲ ಎಂಬುದು. ಈಗ ಬೆನ್ನ ಹಿಂದೆ ಏನೂ ಇರಲಿಲ್ಲ. ಇಡೀ ಸರೋವರದಲ್ಲಿ ಅವರ ಹಲಗೆಯನ್ನು ಅಕ್ಷರಶಃ ನಂಬಿದವನು ಒಬ್ಬನೇ ಇದ್ದ. ಅಂಗಡಿಯಲ್ಲಿ ನಗಿಸಿದವನು ಅವನೇ. ಜನರ ಮುಂದೆ ಅಣ್ಣನನ್ನು ಹಾಸ್ಯ ಮಾಡಿ, ಜನರ ಬೆನ್ನ ಹಿಂದೆ ಅಣ್ಣನ ಮಾತು ನಡೆಸಿದವನು. ಮೂರು ಗಂಟೆ ಆ ನೀರಿನಲ್ಲಿ ತೇಲುತ್ತಾ ಅವನು ಏನೆಂದುಕೊಂಡಿರಬಹುದು? ಅಣ್ಣ ತಪ್ಪು ಬರೆದ ಎಂದೆ? ಇರಲಾರದು. ನಾನೇ ಎಲ್ಲೋ ಎಡವಿದೆ, ಅಣ್ಣ ಹೇಳಿದ್ದು ಇಪ್ಪತ್ತನಾಲ್ಕು ಎಂದುಕೊಂಡಿರಬೇಕು. ಅದನ್ನೇ ಮೇಷ್ಟರಿಗೆ ತಡೆಯಲಾಗಲಿಲ್ಲ. ಈಗ ಊರೆಲ್ಲ ಅವನನ್ನು ಹುಂಬ ಎನ್ನುತ್ತಿದೆ, ಅವನ ಮಗಳೂ ಎನ್ನುತ್ತಿದ್ದಾಳೆ. ತಾವು ಸುಮ್ಮನಿರುವ ಒಂದೊಂದು ದಿನವೂ ಆ ಹೆಸರು ಅವನ ಮೇಲೆ ಗಟ್ಟಿಯಾಗುತ್ತಿದೆ. ಹುಂಬನಾಗಿ ಸತ್ತ ಅಪ್ಪನನ್ನು ಆ ಹುಡುಗಿ ಬದುಕಿರುವವರೆಗೂ ಕ್ಷಮಿಸುವುದಿಲ್ಲ.

ಗುರುವಾರ ಮೂರು ಗಂಟೆಗೆ ತಮ್ಮನ ಮನೆಗೆ ಹೋದರು. ಹಿತ್ತಲ ಬಾಗಿಲ ಬಳಿ ಅರ್ಧ ಮಾಡಿಟ್ಟ ಕಿಟಕಿಯ ಚೌಕಟ್ಟೊಂದು ನಿಂತಿತ್ತು. ತಮ್ಮನ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ಅವನ ಬಟ್ಟೆಗಳನ್ನು ಹರಡಿಕೊಂಡು, ಕೊಡಬಹುದಾದದ್ದು ಒಂದು ಕಡೆ, ಕೊಡಲಾಗದ್ದು ಒಂದು ಕಡೆ ಮಾಡುತ್ತಿದ್ದಳು. ಎರಡನೆಯ ಗುಂಪೇ ದೊಡ್ಡದಾಗಿತ್ತು. "ಬನ್ನಿ ಭಾವ" ಎಂದು ಕುರ್ಚಿಯ ಮೇಲಿನ ಅಂಗಿ ತೆಗೆದಳು. ಮೇಷ್ಟರು ಕೂತರು.

"ಅವನು ನನ್ನ ಹಲಗೆ ನೋಡಿಕೊಂಡೇ ಹೋಗ್ತಿದ್ದನಾ?" ಎಂದು ಕೇಳಿದರು.

"ನಿಮಗೆ ಯಾರು ಹೇಳಿದರು?" ಅವಳು ಅಂಗಿ ಮಡಿಸುವುದನ್ನು ನಿಲ್ಲಿಸಲಿಲ್ಲ. "ಶುಕ್ರವಾರ ಊಟಕ್ಕೆ ಕೂತಾಗ ಮೊದಲ ಮಾತೇ ಅದು. ಅಣ್ಣ ಇಷ್ಟು ಬರೆದಿದಾನೆ, ಅಣ್ಣ ಅಷ್ಟು ಬರೆದಿದಾನೆ. ಹೋದ ವಾರ ಹಳದಿ ಅಂತ ಎಷ್ಟು ಖುಷಿ ಅಂತೀರಿ. ಎರಡು ವಾರದಿಂದ ಅಕ್ಕನ ಮುಖ ನೋಡಿಲ್ಲ, ನಾಳೆ ಅಣ್ಣ ಬಿಟ್ಟಿದಾನೆ ಅಂದರು. ನಾನು ಇದನ್ನ ಯಾರಿಗೆ ಹೇಳಲಿ ಭಾವ? ಹೇಳಿದರೆ ಹಾಗಾದರೆ ಹಲಗೆ ಸರಿಯಿರಲಿಲ್ಲವಾ ಅಂತ ಕೇಳ್ತಾರೆ. ನಿಮಗೆ ಕೆಟ್ಟ ಹೆಸರು. ಬೇಡ ಅಂತ ಬಾಯಿ ಮುಚ್ಚಿಕೊಂಡೆ."

ಅವರಿಗಾಗಿ ಅವಳೂ ಬಾಯಿ ಮುಚ್ಚಿಕೊಂಡಿದ್ದಳು. ಮೇಷ್ಟರು ಮೇಜಿನ ಅಂಚು ಹಿಡಿದುಕೊಂಡರು. "ಹಲಗೆ ಸರಿಯಿರಲಿಲ್ಲಮ್ಮ" ಎಂದರು. ಆಮೇಲೆ ಮುದುಕನ ಮಾತಿನಿಂದ ಹಿಡಿದು ಹೇಳಿದರು: ನೆಲದ ಗಾಳಿ, ನೀರಿನ ಗಾಳಿ, ಕೂಡಿಸಬೇಕಾದ ಅರ್ಧ, ಕೂಡಿಸದೆ ಬಿಟ್ಟದ್ದು. ಪಾಠ ಹೇಳಿದ ಹಾಗಿತ್ತು. ಬೆರಳು ಎಲ್ಲಿ ಮೇಲೆದ್ದೀತೋ ಎಂದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ವಯಸ್ಸಾಯ್ತು ಭಾವ. ಮರೆತಿರಿ" ಎಂದಳು. ಆ ಮಾತು ತೆರೆದ ಬಾಗಿಲಿನ ಹಾಗಿತ್ತು. ಅವಳು ಅದನ್ನು ಬೇಕೆಂದೇ ತೆರೆದಳೋ, ಅವಳಿಗೂ ಅದರಾಚೆ ನೋಡುವ ಧೈರ್ಯವಿರಲಿಲ್ಲವೋ. ಮೇಷ್ಟರು ತಲೆ ತಗ್ಗಿಸಿದರು, ತಗ್ಗಿದ ತಲೆಗೆ ಎರಡು ಅರ್ಥ ಇರುತ್ತದೆ ಎಂದು ಅವರಿಗೆ ತಿಳಿದಿತ್ತು.

"ನನಗೆ ಹೇಳಿದಿರಿ, ಸರಿ" ಎಂದಳು ಅವಳು. "ನನಗೆ ಹೇಳಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀನಿ, ಅವರು ಎಂಥವರು ಅಂತ ನನಗೆ ಗೊತ್ತು. ಗೊತ್ತಿಲ್ಲದೆ ಇರೋಳು ಅಲ್ಲಿದಾಳೆ." ಒಳಗಿನ ಕೋಣೆಯ ಕಡೆ ತಿರುಗಿ, ದನಿ ಏರಿಸದೆ ಮಗಳನ್ನು ಕರೆದಳು. "ಬಾ ಇಲ್ಲಿ. ದೊಡ್ಡಪ್ಪ ನಿನಗೆ ಏನೋ ಹೇಳಬೇಕಂತೆ."

ಹುಡುಗಿ ಬಂದು ಬಾಗಿಲ ಚೌಕಟ್ಟಿನಲ್ಲಿ ನಿಂತಳು. ಮೂಗು ತಮ್ಮನದೇ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು, ಏಕೆಂದರೆ ಈಗ ಮಾತುಗಳು ಬಾಯಿಪಾಠವಾಗಿದ್ದವು. ತಾವು ಹೇಳುತ್ತಿರುವುದು ತಮಗೇ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಮುಗಿದ ಮೇಲೆ ಹುಡುಗಿ, "ಎಷ್ಟು ಕೂಡಿಸಬೇಕಿತ್ತು?" ಎಂದಳು.

"ಹನ್ನೆರಡು."

"ಕೂಡಿಸಿದ್ದರೆ?"

"ಕೆಂಪು. ಅವನು ಹೋಗ್ತಿರಲಿಲ್ಲ. ಎಂಜಿನ್ ಕೆಟ್ಟಿದೆ ಅಂತ ಮನೇಲಿರ್ತಿದ್ದ."

ಅವಳು ತಾಯಿಯ ಕಡೆ ನೋಡಿದಳು. ತಾಯಿ ತಲೆಯಾಡಿಸಿದಳು. ಹುಡುಗಿಯ ಮುಖದಲ್ಲಿ ನಾಲ್ಕು ದಿನದಿಂದ ಬಿಗಿದುಕೊಂಡಿದ್ದುದು ಒಂದು ಕಡೆ ಸಡಿಲವಾಗುತ್ತಾ ಬಂತು. "ಅಪ್ಪ ಅದನ್ನ ಕೇಳ್ತಿದ್ದರಾ" ಎಂದಳು, ಯಾರನ್ನೂ ಕೇಳದೆ. ಆಮೇಲೆ ಮೇಷ್ಟರ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಚಿಕ್ಕಂದಿನಲ್ಲಿ ಅವರ ಕೊಠಡಿಗೆ ಬಂದು ಬಟ್ಟಲು ಯಾಕೆ ತಿರುಗುತ್ತದೆ ಎಂದು ಕೇಳುತ್ತಿದ್ದ ದನಿಯೇ ಅದು. "ಮರೆತುಬಿಟ್ಟಿರಾ ದೊಡ್ಡಪ್ಪ?"

ತಾಯಿ, "ಅವರಿಗೆ ವಯಸ್ಸಾಯ್ತು" ಎಂದು ಶುರು ಮಾಡಿದಳು.

"ಇಲ್ಲ" ಎಂದರು ಮೇಷ್ಟರು. "ಮರೆಯಲಿಲ್ಲ ಮಗಳೇ. ಸುಣ್ಣದ ಕಡ್ಡಿ ಹಿಡಿದುಕೊಂಡು ಲೆಕ್ಕ ಹಾಕಿದೆ. ಮೂವತ್ತಾರು ಅಂತ ಬಂತು. ಬಂದ ಮೇಲೇ ಇಪ್ಪತ್ತನಾಲ್ಕು ಬರೆದೆ. ಅಂಗಡಿಯಲ್ಲಿ ಅವನು ನನ್ನ ಬಗ್ಗೆ ಒಂದು ಮಾತು ಆಡಿದ್ದ. ಎಲ್ಲರೂ ನಕ್ಕಿದ್ದರು. ಬಾವುಟ ಏರಿಸೋವಾಗ, ಈ ಸಲ ಹೋಗಲಿ, ಹೋಗಿ ಸ್ವಲ್ಪ ನೆನೆದು ಬರಲಿ, ಆಗ ಗೊತ್ತಾಗುತ್ತೆ ಅಂದುಕೊಂಡೆ. ನೆನೆದು ಬರಲಿ ಅಂತ ಅಷ್ಟೇ. ಇದಕ್ಕಿಂತ ಹೆಚ್ಚು ಅಂದುಕೊಳ್ಳಲಿಲ್ಲ. ಅಷ್ಟಂತೂ ಅಂದುಕೊಂಡೆ."

ಗೋಡೆಯಾಚೆ ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು, ನೀರು ಬಿದ್ದ ಸದ್ದು ಕೇಳಿತು, ನಿಂತಿತು. ಹುಡುಗಿ ಅವರನ್ನೇ ನೋಡುತ್ತಿದ್ದಳು. ಬಯ್ಯುತ್ತಾಳೆ ಎಂದು ಅವರು ಕಾದರು. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳು ಮೇಜಿನ ಬಳಿ ಬಂದು, ಕೊಡುವ ಬಟ್ಟೆಗಳ ಗುಂಪಿನಿಂದ ಅಪ್ಪನ ಒಂದು ಹಳೆಯ ಸ್ವೆಟರನ್ನು ಎತ್ತಿಕೊಂಡಳು, ಅದನ್ನು ಎದೆಗೆ ಹಿಡಿದುಕೊಂಡು ಒಳಗೆ ಹೋದಳು. ಬಾಗಿಲು ಮೆಲ್ಲಗೆ ಮುಚ್ಚಿತು. ಮುಚ್ಚಿದ ಮೇಲೆ, ಭಾನುವಾರದಿಂದ ಆ ಮನೆಯಲ್ಲಿ ಕೇಳದಿದ್ದ ಅವಳ ಅಳು ಕೇಳಿಸಿತು. ಮೊದಲು ಬಿಕ್ಕಿ ಬಿಕ್ಕಿ, ಆಮೇಲೆ ಚಿಕ್ಕ ಮಕ್ಕಳ ಹಾಗೆ, ಅಪ್ಪಾ ಅಪ್ಪಾ ಎಂದು.

ತಾಯಿ ಅದನ್ನು ಕೇಳುತ್ತಾ ನಿಂತಿದ್ದಳು. "ಅತ್ತಳಲ್ಲ" ಎಂದಳು. ಆಮೇಲೆ ಮೇಷ್ಟರ ಕಡೆ ನೋಡದೆಯೇ, "ನೀವು ಹೊರಡಿ ಭಾವ. ಇನ್ನು ಸ್ವಲ್ಪ ದಿನ ಈ ಕಡೆ ಬರಬೇಡಿ. ಎಷ್ಟು ದಿನ ಅಂತ ನಾನು ಹೇಳಲಾರೆ" ಎಂದಳು.

"ಆಗಲಮ್ಮ. ಮೇಲಧಿಕಾರಿಗೂ ಬರೆದು ಕಳಿಸ್ತೀನಿ. ಕಟ್ಟೆಯವರಿಗೂ ಹೇಳ್ತೀನಿ."

"ಹೇಳಿ. ಅವರನ್ನ ಹುಂಬ ಅಂದವರಿಗೆಲ್ಲ ಹೇಳಿ." ಅವಳು ಮತ್ತೆ ಬಟ್ಟೆಗಳಿಗೆ ಕೈ ಹಾಕಿದಳು. "ಕೊನೆಯದನ್ನ ಮಾತ್ರ ಹೇಳಬೇಡಿ. ಅದು ನಮ್ಮ ಮೂವರಲ್ಲೇ ಇರಲಿ. ನಿಮಗೋಸ್ಕರ ಅಲ್ಲ. ಅವರಣ್ಣ ಹಾಗೆ ಅಂದುಕೊಂಡ ಅಂತ ಊರು ಆಡಿಕೊಂಡರೆ ಅವರಿಗೆ ಹಿಡಿಸ್ತಿರಲಿಲ್ಲ."

ಮೇಷ್ಟರು ಹೊರಗೆ ಬಂದರು. ಕಂಬಿ ಹಿಡಿದುಕೊಂಡು ಮೆಟ್ಟಿಲು ಇಳಿದರು. ಬೀದಿಯಲ್ಲಿ ಬಿಸಿಲು ಓರೆಯಾಗಿತ್ತು. ಎದುರು ಮನೆಯವಳು ಒಣಗಿದ ಎಲೆಗಳನ್ನು ಗುಡಿಸಿ ರಾಶಿ ಮಾಡುತ್ತಿದ್ದಳು, ಇವರನ್ನು ಕಂಡು ಪೊರಕೆ ನಿಲ್ಲಿಸಿ ಅಯ್ಯೋ ಪಾಪ ಎನ್ನುವ ಮುಖ ಮಾಡಿದಳು. ಆ ಮುಖವನ್ನು ಇನ್ನು ಎರಡು ದಿನದಲ್ಲಿ ಅವಳು ಹಿಂತೆಗೆದುಕೊಳ್ಳುತ್ತಾಳೆ ಎಂದು ಮೇಷ್ಟರಿಗೆ ಗೊತ್ತಿತ್ತು. ಒಳಗಿನ ಅಳು ಗೇಟಿನವರೆಗೂ ಕೇಳುತ್ತಿತ್ತು. ಅವರು ಗೇಟಿನ ಆಚೆ, ಗೋಡೆಯ ಪಕ್ಕದಲ್ಲಿ ನಿಂತರು. ದಿನಕ್ಕೆರಡು ಬಾರಿ ತಪ್ಪದೆ ದೇವರನ್ನು ನೆನೆಯುವ ಮನುಷ್ಯ ಅವರು. ಈ ನಾಲ್ಕು ದಿನವೂ ಕೈಮುಗಿದಿದ್ದರು. ಆದರೆ ತಮ್ಮನ ಹೆಸರಿನಲ್ಲಿ ತೊಡಗಿದ ಪ್ರಾರ್ಥನೆ ಎರಡನೆಯ ಮಾತಿಗೇ ಅಡ್ಡದಾರಿ ಹಿಡಿದು, ವಕೀಲನ ಹಾಗೆ ತಮ್ಮದೇ ಪರವಾಗಿ ವಾದಿಸತೊಡಗುತ್ತಿತ್ತು. ಪ್ರತಿಸಲವೂ ನಾಚಿಕೆಯಿಂದ ಅರ್ಧಕ್ಕೆ ಬಿಟ್ಟಿದ್ದರು. ಈಗ ವಾದಿಸಲು ಏನೂ ಉಳಿದಿರಲಿಲ್ಲ. ಬೀದಿಯಲ್ಲಿ ಜನ ನೋಡುತ್ತಾರೆಂಬುದನ್ನೂ ಮರೆತು ಮೇಷ್ಟರು ಕಣ್ಣು ಮುಚ್ಚಿದರು.

ದೇವರೇ, ನನ್ನ ತಮ್ಮ ನಿನ್ನ ಬಳಿ ಬಂದಿದ್ದಾನೆ. ಅವನ ಮಾತು ಒರಟು, ಮನಸ್ಸು ಮೆತ್ತಗೆ, ಮಾತನ್ನು ಲೆಕ್ಕಕ್ಕಿಟ್ಟುಕೊಳ್ಳಬೇಡ. ಅವನು ಬಹಳ ಹೊತ್ತು ಚಳಿಯಲ್ಲಿ ಒಬ್ಬನೇ ಇದ್ದ, ಅವನನ್ನು ಬೆಚ್ಚಗಿಡು. ಅವನಿಗೆ ಭಯವಾಗಿದ್ದರೆ ಅದನ್ನು ಅವನ ನೆನಪಿನಿಂದ ತೆಗೆದುಬಿಡು. ನನಗೆ ಏನು ಕೊಡಬೇಕೋ ಅದು ನಿನಗೆ ಗೊತ್ತು, ಈ ಹೊತ್ತು ಅದನ್ನು ಕೇಳುವುದಿಲ್ಲ. ಅವನ ಜೀವಕ್ಕೆ ಶಾಂತಿ ಕೊಡು ತಂದೆ, ಅವನ ಜೀವಕ್ಕೆ ಶಾಂತಿ ಕೊಡು.